ಇದೆ ಕಣ್ರೀ, ಮುಂದಿನ ಪ್ರಶ್ನೆ ಕೇಳಿ

ಪ್ರಶ್ನೆ ಹೀಗೆ ಬರುತ್ತದೆ: ‘ನಿಮ್ಮ ಹೈಸ್ಕೂಲಲ್ಲಿ ಈಗಲೂ ಜಾತಿಗೀತಿ ಅಂತೆಲ್ಲ ಇದೆಯಾ? ಈಗಿನ ಮಕ್ಕಳು ಅದನ್ನೆಲ್ಲ ನೋಡಲ್ಲ, ಅಲ್ವಾ?’

ಮೊದಲ ವಾಕ್ಯ ನನಗೆ. ಎರಡನೆಯದು ಕೇಳಿದವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ. ಹಳೇ ಮೈಸೂರು ಕಡೆಯ ಒಂದು ಸಣ್ಣ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಎಂಟು, ಒಂಬತ್ತು, ಹತ್ತು ಮೂರೂ ಸೇರಿದರೆ ಮಕ್ಕಳು ನೂರು ದಾಟುವುದಿಲ್ಲ. ಈ ಪ್ರಶ್ನೆಯನ್ನು ಮದುವೆ ಛತ್ರದಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ನಿಂತವರು ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ್ದಾರೆ, ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈಯಿಟ್ಟುಕೊಂಡೇ ಕೇಳಿದ್ದಾರೆ. ಬಾಯಿ ತೆರೆದೇ ಇದ್ದರೂ ಉತ್ತರ ಕೊಡಬೇಕಿಲ್ಲ ಅನ್ನುವ ಆ ಅವಕಾಶ ಅವತ್ತು ವರದಂತಿತ್ತು.

ಪೇಪರಿನಲ್ಲಿ ಏನಾದರೂ ಬಂದ ವಾರ ವಿಚಾರಣೆ ಜಾಸ್ತಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ಬಂತಲ್ಲ, ಪ್ರಾಂಶುಪಾಲರ ಬಂಧನವೂ ಆಯಿತಲ್ಲ, ಆಗ ವರ್ಷಗಟ್ಟಲೆ ಮಾತಾಡದವರೆಲ್ಲ ಫೋನು ಮಾಡಿದರು. ‘ನಿಮ್ಮಲ್ಲೂ ಹೀಗೇನಾ?’ ಇಲ್ಲ ಅಂದೆ. ಅವರ ದನಿಯಲ್ಲಿ ಸಣ್ಣ ನಿರಾಸೆ ಕೇಳಿಸಿದ್ದು ನನ್ನ ಕಿವಿಯ ದೋಷವಿರಲಾರದು. ಅದಕ್ಕೂ ಮುಂಚೆ, 2022ರ ಫೆಬ್ರವರಿಯಲ್ಲಿ ಹಿಜಾಬ್ ಗಲಾಟೆಗೆ ರಾಜ್ಯದ ಹೈಸ್ಕೂಲುಗಳನ್ನು ಮುಚ್ಚಿ 14ರಂದು ತೆರೆದಾಗ, ಪ್ರಶ್ನೆ ಜಾತಿಯಿಂದ ಧರ್ಮಕ್ಕೆ ಜರುಗಿತ್ತು. ನಮ್ಮಲ್ಲಿ ಓದುತ್ತಿದ್ದ ಇಬ್ಬರು ಮುಸ್ಲಿಂ ಹುಡುಗಿಯರನ್ನು ಊರಿನ ದೊಡ್ಡವರು ಅದುವರೆಗೆ ಒಂದು ದಿನವೂ ಮಾತಾಡಿಸಿದ್ದು ನಾನು ಕಂಡಿರಲಿಲ್ಲ. ಆ ವಾರ ಎಲ್ಲರಿಗೂ ಅವರ ತಲೆಯ ಬಗ್ಗೆ ಅಭಿಪ್ರಾಯ ಹುಟ್ಟಿತು.

ಆದ್ದರಿಂದ ಒಂದೇ ಸಲ ಬರೆದು ಮುಗಿಸುತ್ತೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ಇದೆ. ಜಾತಿಯೂ ಇದೆ, ಗೀತಿಯೂ ಇದೆ.

ಆದರೆ ಇಷ್ಟಕ್ಕೆ ಬಿಡುವುದಿಲ್ಲ ಜನ. ಕೇಳುವವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಮೈ ಜುಮ್ಮೆನ್ನುವ ಕತೆ ಬೇಕು: ಬೇರೆ ಲೋಟ, ಬೇರೆ ಬೆಂಚು, ಅಳುವ ಮಗು. ಇನ್ನೊಂದಕ್ಕೆ ಮಕ್ಕಳು ದೇವರ ಸಮಾನ ಎಂಬ ಕತೆ ಬೇಕು. ನಾನು ಯಾವುದನ್ನು ಹೇಳಿದರೂ ಒಂದು ಪಂಗಡ ನನ್ನನ್ನು ಸುಳ್ಳಿ ಅನ್ನುತ್ತದೆ. ಹದಿನಾಲ್ಕು ವರ್ಷದ ಮಕ್ಕಳ ಜೊತೆ ದಿನಾ ಏಳು ಪೀರಿಯಡ್ಡು ಕಳೆದವರಿಗೆ ಗೊತ್ತು, ದೇವರ ಸಮಾನ ಎಂಬ ಮಾತು ಯಾರು ಹೇಳಿದ್ದೋ, ಅವರು ಮಧ್ಯಾಹ್ನದ ಕೊನೇ ಪೀರಿಯಡ್ಡು ತೆಗೆದುಕೊಂಡವರಲ್ಲ.

ಸಣ್ಣ ಶಾಲೆ ಅಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಪಟ್ಟಣದ ದೊಡ್ಡ ಕಾಲೇಜಿನಲ್ಲಿ ಒಬ್ಬ ಹುಡುಗ ಮೂರು ವರ್ಷ ತನ್ನ ಜಾತಿ ಹೇಳದೆ ಇರಬಹುದು. ನಮ್ಮಲ್ಲಿ ಎಂಟನೇ ತರಗತಿಯ ಮೊದಲ ದಿನ, ಹಾಜರಿ ಪುಸ್ತಕಕ್ಕೆ ಹೆಸರು ಏರುವ ಮುಂಚೆಯೇ ಎಲ್ಲ ಬಗೆಹರಿದಿರುತ್ತದೆ. ‘ನಿಮ್ಮನೆ ಎಲ್ಲಿ ಬರುತ್ತೆ?’ ‘ಮಾರಮ್ಮನ ಗುಡಿ ಹಿಂದೆ.’ ಮುಗಿಯಿತು. ಯಾರಪ್ಪ ಯಾರ ಟ್ರ್ಯಾಕ್ಟರ್ ಓಡಿಸುತ್ತಾನೆ, ಯಾರ ಅವ್ವ ಯಾರ ಹೊಲದಲ್ಲಿ ಕಳೆ ಕೀಳುತ್ತಾಳೆ, ಯಾರ ಜಮೀನು ಯಾರಿಗೆ ಗುತ್ತಿಗೆಗಿದೆ, ಎಲ್ಲ ಗೊತ್ತು. ನನಗೂ ಬಂದ ಹೊಸತರಲ್ಲಿ ಮೂರು ಬೆಂಚಿನಿಂದ ಮೂರು ಪ್ರಶ್ನೆ ಬಂದಿದ್ದವು. ‘ಮಿಸ್, ನಿಮ್ಮ ಮನೆದೇವ್ರು ಯಾವ್ದು?’ ‘ಮಿಸ್, ಮೊಟ್ಟೆ ತಿಂತೀರಾ?’ ‘ಮಿಸ್, ನಿಮ್ಮೂರಲ್ಲಿ ಹಬ್ಬಕ್ಕೆ ಮರಿ ಕಡೀತಾರಾ?’ ಮೂರು ಉತ್ತರವನ್ನೂ ಬಿಡುವಿನಲ್ಲಿ ಕೂಡಿಸಿ, ಭಾಗಿಸಿ, ಮಧ್ಯಾಹ್ನದ ಹೊತ್ತಿಗೆ ಲೆಕ್ಕ ತೆಗೆದಿದ್ದರು. ಗಣಿತದಲ್ಲಿ ಇವರೇ ಫೇಲು.

ಇಷ್ಟು ಓದುವಷ್ಟರಲ್ಲಿ ನೀವೂ ನನ್ನದು ಯಾವುದಿರಬಹುದು ಎಂದು ಊಹಿಸಲು ಶುರು ಮಾಡಿದ್ದೀರಿ. ನಾನು ಹೇಳುವುದಿಲ್ಲ. ಮರಿ ಕಡಿಯುವ ಪ್ರಶ್ನೆಗೆ ಏನು ಉತ್ತರ ಕೊಟ್ಟೆ ಎಂಬುದನ್ನೂ ಹೇಳುವುದಿಲ್ಲ.

ನನ್ನ ಪಾಠದ ವಿಷಯಕ್ಕೆ ಬಂದರೆ, ಹತ್ತನೇ ತರಗತಿಯಲ್ಲಿ ‘ಸಾಮಾಜಿಕ ಸ್ತರವಿನ್ಯಾಸ’ ಎಂಬ ಅಧ್ಯಾಯವಿದೆ. ಅಸ್ಪೃಶ್ಯತೆಯನ್ನು ನಿಷೇಧಿಸಿರುವ ಸಂವಿಧಾನದ ವಿಧಿ ಯಾವುದು? ‘ಹದಿನೇಳು ಮಿಸ್!’ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಯಾವ ವರ್ಷ? ‘ಸಾವಿರದ ಒಂಬೈನೂರ ಐವತ್ತೈದು!’ ಹಿಂದಿನ ಬೆಂಚಿನ ಹುಡುಗನೂ ನಿದ್ದೆಗಣ್ಣಲ್ಲಿ ಹೇಳುತ್ತಾನೆ, ಯಾಕೆಂದರೆ ಅದು ಒಂದು ಅಂಕದ ಗ್ಯಾರಂಟಿ ಪ್ರಶ್ನೆ. 1976ರಲ್ಲಿ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು ಎಂಬುದನ್ನೂ ಓದಿಕೊಂಡಿರುತ್ತಾರೆ. 2023ರಿಂದ ಸರ್ಕಾರದ ಸೂಚನೆಯಂತೆ ಸಂವಿಧಾನದ ಪೀಠಿಕೆಯನ್ನೂ ಓದುತ್ತಾರೆ. ಪ್ರಾರ್ಥನೆಯಲ್ಲಿ ಸಮಾನತೆ ಘೋಷಿಸಿ ಅಲ್ಲಿಂದ ನೇರ ತಮ್ಮ ತಮ್ಮ ಬೀದಿಯವರ ಪಕ್ಕ ಹೋಗಿ ಕೂರುತ್ತಾರೆ. ಬೆಂಚು ಬದಲಾಯಿಸಿ ಕೂರಿಸಿದರೆ ಕೂರುತ್ತಾರೆ, ಬೇಸರವೂ ಇಲ್ಲ. ಸೋಮವಾರ ನೋಡಿದರೆ ಮತ್ತೆ ಹಳೇ ಜಾಗ. ಕೇಳಿದರೆ ‘ಬ್ಯಾಗ್ ಇಲ್ಲೇ ಇತ್ತು ಮಿಸ್.’

ದೊಡ್ಡವರು ನಾವೇನು ಕಡಿಮೆಯೇ? ಕನಕ ಜಯಂತಿ, ವಾಲ್ಮೀಕಿ ಜಯಂತಿ, ಕೆಂಪೇಗೌಡ ಜಯಂತಿ ಬಂದಾಗ ಫೋಟೋಕ್ಕೆ ಹಾರ ಹಾಕಲು ಮಕ್ಕಳು ತಾವೇ ಒಬ್ಬನನ್ನು ಮುಂದೆ ನೂಕುತ್ತಾರೆ: ‘ಇವತ್ತು ನಿಮ್ದು, ಹೋಗ್ಲೋ.’ ಅವನು ನಾಚಿಕೊಂಡು ಹೋಗುತ್ತಾನೆ. ಏಪ್ರಿಲ್ 14ಕ್ಕೆ ಬೇಸಿಗೆ ರಜೆ ಶುರುವಾಗಿರುತ್ತದೆ, ಹಾಗಾಗಿ ಅಂಬೇಡ್ಕರ್ ಫೋಟೋಕ್ಕೆ ಹಾರ ಹಾಕಲು ನಾವು ನಾಲ್ಕು ಜನ ಶಿಕ್ಷಕರು ಖಾಲಿ ಶಾಲೆಯಲ್ಲಿ ನಿಂತಿರುತ್ತೇವೆ. ಮಕ್ಕಳಿದ್ದಿದ್ದರೆ ಯಾರನ್ನು ನೂಕುತ್ತಿದ್ದರು ಎಂದು ನನಗೆ ಗೊತ್ತು. ಎಲ್ಲರೂ ಒಟ್ಟಿಗೆ ಮುಂದೆ ಬರಬೇಕಾದ ಫೋಟೋ ಅದೊಂದೇ ಎಂದು ಹೇಳುವ ಅವಕಾಶ ಪ್ರತಿ ವರ್ಷ ರಜೆಗೆ ಹೋಗುತ್ತದೆ.

ವಿದ್ಯಾರ್ಥಿವೇತನದ ಕಾಲದಲ್ಲಿ ನೋಡಬೇಕು. ಹಿಂದೆ ಒಬ್ಬರು ತರಗತಿ ಬಾಗಿಲಲ್ಲಿ ನಿಂತು ‘ಎಸ್ಸಿ ಎಸ್ಟಿ ಎದ್ದು ನಿಂತ್ಕೊಳ್ರೋ’ ಅನ್ನುತ್ತಿದ್ದರು. ಅವರು ಕೆಟ್ಟವರಲ್ಲ, ಅರ್ಜಿಗಳನ್ನು ಕೊನೇ ದಿನದೊಳಗೆ ಪೋರ್ಟಲ್ಲಿಗೆ ಏರಿಸುವ ತುರ್ತು ಅವರದು. ಈಗ ನಾವು ಎಲ್ಲರಿಗೂ ಒಂದೇ ಚೀಟಿ ಕೊಟ್ಟು ಮನೆಯಿಂದ ತುಂಬಿಸಿಕೊಂಡು ಬನ್ನಿ ಅನ್ನುತ್ತೇವೆ. ಅಷ್ಟಾದರೂ ಒಬ್ಬ ಹುಡುಗ ಗೊಣಗಿದ: ‘ಅವ್ರಿಗೇ ಎಲ್ಲಾ ಫ್ರೀ ಮಿಸ್.’ ಅವನ ಚೀಟಿ ತಿರುಗಿಸಿ ನೋಡಿದೆ. ಜಾತಿ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಬರೆದು, ಹಿಂದುಳಿದ ವರ್ಗಗಳ ಪ್ರವರ್ಗ 2ಎ ಅಂತ ಅಂದವಾಗಿ ತುಂಬಿದ್ದ. ‘ನೀನೂ ಅರ್ಜಿ ಹಾಕ್ತಿದ್ದೀಯಲ್ಲೋ?’ ಅಂದರೆ, ‘ಅದು ಬೇರೆ ಮಿಸ್, ಅದು ಬಿಸಿಎಂದು’ ಅಂದ. ಬಿಸಿಎಂ ಅಂದರೆ ಹಿಂದುಳಿದ ವರ್ಗಗಳ ಇಲಾಖೆ. ಮೀಸಲಾತಿ ಅಂದರೆ ಬೇರೆಯವರಿಗೆ ಸಿಗುವುದು ಎಂದು ಅವನು ಬಲವಾಗಿ ನಂಬಿದ್ದಾನೆ. ಈ ನಂಬಿಕೆಯನ್ನು ಅವನು ಶಾಲೆಯಲ್ಲಿ ಕಲಿತದ್ದಲ್ಲ, ಮನೆಯ ಜಗಲಿಯಲ್ಲಿ ಕಲಿತದ್ದು. ಅವರಪ್ಪ ಎಲ್ಲಿ ಕಲಿತರೋ ವಾಟ್ಸಾಪನ್ನೇ ಕೇಳಬೇಕು.

ಊಟ. ಎಲ್ಲರೂ ಇದನ್ನು ಕೇಳಿಯೇ ಕೇಳುತ್ತಾರೆ, ‘ಬಿಸಿಯೂಟ ಎಲ್ಲರೂ ಒಟ್ಟಿಗೆ ತಿಂತಾರಾ?’ ತಿನ್ನುತ್ತಾರೆ. ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಿ ಎಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. ಆದೇಶ ಕಡತದಲ್ಲಿದೆ. ಯಾವುದೇ ಶಾಲೆಯ ಅಡುಗೆ ಕೋಣೆಗೆ ಹೋಗಿ ಒಲೆಯ ಮುಂದೆ ಯಾರಿದ್ದಾರೆ, ಪಾತ್ರೆ ಉಜ್ಜುವ ಕಡೆ ಯಾರಿದ್ದಾರೆ ಎಂದು ನೀವೇ ನೋಡಿ, ನನ್ನನ್ನು ಕೇಳಬೇಡಿ. ಮಕ್ಕಳಲ್ಲಿ ಕೆಲವರು ಕೆಲವು ದಿನ ‘ಹಸಿವಿಲ್ಲ ಮಿಸ್’ ಅನ್ನುತ್ತಾರೆ. ಒಲೆಯ ಮುಂದೆ ಇರಬೇಕಾದವರು ರಜೆ ಹಾಕಿ, ಪಾತ್ರೆ ಉಜ್ಜುವವರು ಸೌಟು ಹಿಡಿದ ದಿನವೇ ಅವರಿಗೆ ಹಸಿವಾಗುವುದಿಲ್ಲ. ಅದೇ ಮಕ್ಕಳು ನಾಲ್ಕು ಗಂಟೆಗೆ ಅದೇ ಹೆಂಗಸಿನ ಮಗನ ಸೈಕಲ್ಲಿನ ಹಿಂದೆ ಕೂತು ಮನೆಗೆ ಹೋಗುತ್ತಾರೆ. ಎರಡನ್ನೂ ಒಂದೇ ದಿನ ನೋಡಿದ್ದೇನೆ.

2024ರ ಸೆಪ್ಟೆಂಬರಿನಿಂದ ವಾರದ ಆರೂ ದಿನ ಮೊಟ್ಟೆ. ತಿನ್ನದವರಿಗೆ ಬಾಳೆಹಣ್ಣು, ಮೊದಮೊದಲು ಚಿಕ್ಕಿಯೂ ಇತ್ತು. ಅಂದಿನಿಂದ ಎರಡು ಸಾಲು ನಿಲ್ಲುತ್ತವೆ, ಯಾರು ಎಲ್ಲಿ ಎಂದು ದೂರದಿಂದಲೇ ಗೊತ್ತಾಗುತ್ತದೆ. ಗೊತ್ತಾಗದ್ದು ಇನ್ನೊಂದಿದೆ. ನೀರಿನ ಟ್ಯಾಂಕಿನ ಹಿಂದೆ ಒಂದು ಸಂತೆ ನಡೆಯುತ್ತದೆ. ಬಾಳೆಹಣ್ಣಿನ ಸಾಲಿನ ಒಬ್ಬನ ಬಾಳೆಹಣ್ಣು ಅಲ್ಲಿ ಮೊಟ್ಟೆಯಾಗುತ್ತದೆ. ಮೊಟ್ಟೆ ಕೊಟ್ಟವನು ಇದುವರೆಗೆ ಯಾರಿಗೂ ಬಾಯಿ ಬಿಟ್ಟಿಲ್ಲ. ಇದನ್ನು ನಮ್ಮ ಶಾಲೆಯ ಪೋಷಕರು ಯಾರಾದರೂ ಓದುತ್ತಿದ್ದರೆ: ನಿಮ್ಮ ಮಗ ಅಲ್ಲ, ಬೇರೆಯವರ ಮಗ.

ಈಗ ಕಬಡ್ಡಿ ವಿಷಯ. ಇದನ್ನು ನಾನು ತುಂಬಾ ಜನಕ್ಕೆ ಹೇಳಿ ಕೆಟ್ಟಿದ್ದೇನೆ, ಆದರೂ ಹೇಳುತ್ತೇನೆ.

ಕಬಡ್ಡಿ ತಂಡಕ್ಕೆ ಅಂಕಣದಲ್ಲಿ ಏಳು, ಹೊರಗೆ ಐದು, ಒಟ್ಟು ಹನ್ನೆರಡು ಜನ ಬೇಕು. ನಮ್ಮಂಥ ಶಾಲೆಯಲ್ಲಿ ಒಂಬತ್ತು, ಹತ್ತರಲ್ಲಿ ಓಡಬಲ್ಲ ಹುಡುಗರನ್ನೆಲ್ಲ ಸೇರಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುವುದು. ಆರಿಸುವ ಸುಖವಿಲ್ಲ, ಬಿಡುವ ಸುಖವೂ ಇಲ್ಲ. ಆ ವರ್ಷ ಕ್ಯಾಪ್ಟನ್ ಆಗಿದ್ದವನು ಊರಿನ ದೊಡ್ಡ ಮನೆಯವನು. ದಾಯಾದಿ ಜಗಳದಲ್ಲಿ ದುಡ್ಡೆಲ್ಲ ಕೋರ್ಟು ಸೇರಿದ್ದರಿಂದ ನಮ್ಮ ಪಾಲಿಗೆ ಬಂದಿದ್ದ, ಇಲ್ಲದಿದ್ದರೆ ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತಿರುತ್ತಿದ್ದ. ರೈಡರ್ ಕಾಲೋನಿ ಹುಡುಗ, ಕಡ್ಡಿಯ ಹಾಗಿದ್ದ, ಹಿಡಿದರೆ ಜಾರುತ್ತಿದ್ದ. ಇಬ್ಬರೂ ಎರಡು ವರ್ಷದಿಂದ ಬಿಟ್ಟಿರಲಾರದ ದೋಸ್ತಿಗಳು. ಒಂದು ಸೀಬೆಕಾಯಿ ಸಿಕ್ಕರೆ ಇಬ್ಬರ ಹಲ್ಲಿನ ಗುರುತೂ ಅದರ ಮೇಲೆ. ಚಿಕ್ಕವರು ಬಟ್ಟೆ ಮುಚ್ಚಿ ಕಾಗೆ ಎಂಜಲು ಮಾಡುತ್ತಾರಲ್ಲ, ಅಷ್ಟು ಶಾಸ್ತ್ರವೂ ಇಲ್ಲ.

ತಾಲ್ಲೂಕು ಮಟ್ಟದಲ್ಲಿ ಗೆದ್ದರು. ಕ್ಯಾಪ್ಟನ್ನನ ತಾಯಿ ಖುಷಿಯಾಗಿ, ಭಾನುವಾರ ಎಲ್ಲರನ್ನೂ ಮನೆಗೆ ಕರೆದುಕೊಂಡು ಬಾ, ಬಾಡೂಟ ಮಾಡುತ್ತೇನೆ ಅಂದಿದ್ದರು. ಪಿ.ಇ. ಮಾಸ್ಟರು ಸ್ಟಾಫ್ ರೂಮಿನಲ್ಲಿ ಅದನ್ನೇ ಹತ್ತು ಸಲ ಹೇಳಿದರು. ನನ್ನ ಹೊಟ್ಟೆಯಲ್ಲಿ ಆಗಲೇ ಸಣ್ಣ ಕಸಿವಿಸಿ. ಆ ಮನೆ ನನಗೆ ಗೊತ್ತು. ನಡುಮನೆಯ ಹೊಸ್ತಿಲು ಯಾರು ದಾಟುತ್ತಾರೆ, ಯಾರು ಜಗಲಿಯಲ್ಲೇ ನಿಲ್ಲುತ್ತಾರೆ ಎಂಬುದೂ ಗೊತ್ತು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಕಾರ್ಯಕ್ರಮ ಬದಲಾಗಿತ್ತು. ಮನೆಯಲ್ಲಿ ಬೇಡ, ತೋಟದಲ್ಲಿ. ಅಲ್ಲಿ ಪಂಪ್‌ಸೆಟ್ಟಿದೆ, ತೊಟ್ಟಿಯಲ್ಲಿ ಬೀಳಬಹುದು. ತಟ್ಟೆ? ಎಲ್ಲರಿಗೂ ಅಡಿಕೆ ಹಾಳೆಯದು. ಲೋಟ? ಯಾಕೆ ಬೇಕು, ಪೈಪಿನಿಂದ ಬೊಗಸೆಯಲ್ಲೇ ಕುಡಿದರಾಯಿತು. ಅಡುಗೆ ಕ್ಯಾಪ್ಟನ್ನನ ಚಿಕ್ಕಪ್ಪ ಅಲ್ಲೇ ಕಲ್ಲು ಹೂಡಿ ಮಾಡುತ್ತಾರೆ. ಹನ್ನೆರಡು ಹುಡುಗರಲ್ಲಿ ಒಬ್ಬನೂ ಯಾಕೆ ಎಂದು ಕೇಳಲಿಲ್ಲ, ಒಬ್ಬನೂ ವಿವರಿಸಲಿಲ್ಲ. ಭಾನುವಾರ ಹೋದರು, ತಿಂದರು, ತೊಟ್ಟಿಯಲ್ಲಿ ಬಿದ್ದರು, ಒಬ್ಬ ಕಾಲು ಉಳುಕಿಸಿಕೊಂಡ. ಸೋಮವಾರ ಅದೇ ಮಾತು.

ತೋಟದ ಯೋಚನೆ ಕ್ಯಾಪ್ಟನ್ನನದು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಹೇಳಿದ್ದು ರೈಡರ್. ಭೂಪಟ ಹೊತ್ತುಕೊಂಡು ನನ್ನ ಹಿಂದೆ ಬರುತ್ತಿದ್ದಾಗ ಕೇಳಿದೆ, ಮನೆಗೆ ಯಾಕೆ ಬೇಡ ಅಂದೆಯೋ ಅಂತ. ಅವನು ಹೇಳಿದ್ದು ಇಷ್ಟು: ‘ಅವ್ರವ್ವ ಒಳ್ಳೇವ್ರು ಮಿಸ್. ನಾವ್ ಒಳೀಕ್ ಹೋದ್ರೆ ಆಯಮ್ಮಂಗೆ ಕಷ್ಟ ಆಯ್ತದೆ.’

ಹದಿನೈದು ವರ್ಷ ಅವನಿಗೆ.

ಇದನ್ನು ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಹೇಳಿದೆ. ‘ಎಷ್ಟು ಚೆನ್ನಾಗಿದೆ ಅಕ್ಕ! ನೋಡು, ಮಕ್ಕಳು ಎಷ್ಟು ಹೊಂದ್ಕೊಂಡು ಹೋಗ್ತಾರೆ’ ಅಂದ. ಒಂದು ತರಬೇತಿಯಲ್ಲಿ ಬೇರೆ ಊರಿನ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. ಅವರು ಮುಖ ಕೆಂಪಗೆ ಮಾಡಿಕೊಂಡು, ‘ಇದು ಅಸ್ಪೃಶ್ಯತೆಯ ಆಚರಣೆ ಮೇಡಂ, ನೀವು ದೂರು ಕೊಡಬೇಕಿತ್ತು’ ಅಂದರು. ಯಾರ ಮೇಲೆ ಕೊಡಲಿ? ಪಂಪ್‌ಸೆಟ್ಟಿನ ಮೇಲೆ ಕೊಡಲೇ? ಕಾನೂನು ತಡೆದ ಕೈಯನ್ನು ಹಿಡಿಯುತ್ತದೆ. ಇಲ್ಲಿ ಯಾರೂ ಯಾರನ್ನೂ ತಡೆಯಲಿಲ್ಲ, ತಡೆಸಿಕೊಳ್ಳುವಷ್ಟು ಹತ್ತಿರಕ್ಕೆ ಆ ಹುಡುಗ ಹೋಗಲೇ ಇಲ್ಲ. ಆ ತಾಯಿ ಕರೆದದ್ದೂ ನಿಜ, ಮನಸ್ಸಿನಿಂದಲೇ ಕರೆದದ್ದು. ಹೊಂದಿಕೊಂಡು ಹೋದರು ಎಂಬ ಮಾತು ಕೇಳಿದಾಗ ಮಾತ್ರ ನನಗೆ ಇನ್ನೂ ರೇಗುತ್ತದೆ. ಹೊಂದಿಕೊಂಡದ್ದು ಹನ್ನೆರಡು ಜನವಲ್ಲ, ಒಬ್ಬ. ಉಳಿದವರು ಊಟ ಮಾಡಿದರು.

ನಮ್ಮ ಮಕ್ಕಳ ಧೋರಣೆ ಏನು ಎಂದು ಕೇಳುವಿರಲ್ಲ, ಇದೇ. ಜಾತಿ ಎಲ್ಲಿದೆ ಎಂದು ಅವರಿಗೆ ಇಂಚಿಂಚೂ ಗೊತ್ತು. ಎಲ್ಲಿ ಕಾಲಿಡಬಾರದು, ಎಲ್ಲಿ ಇಟ್ಟರೆ ನಡೆಯುತ್ತದೆ, ಯಾರ ಮುಂದೆ ಯಾರ ಹೆಗಲ ಮೇಲೆ ಕೈ ಹಾಕಬಾರದು, ಎಲ್ಲ. ಕಾಂಪೌಂಡಿನ ಒಳಗೆ ಅದನ್ನು ಮರೆತಂತೆ ಇರಬಲ್ಲರು. ಗೇಟು ದಾಟಿದ ಮೇಲೆ ನೆನಪು ಮಾಡಿಕೊಳ್ಳಲು ಒಂದು ಕ್ಷಣವೂ ಬೇಡ. ಇದನ್ನು ಮುಗ್ಧತೆ ಅನ್ನುವವರ ಜೊತೆ ನಾನು ವಾದಕ್ಕೆ ನಿಲ್ಲುವುದಿಲ್ಲ, ಕ್ರೌರ್ಯ ಅನ್ನುವವರ ಜೊತೆಗೂ ನಿಲ್ಲುವುದಿಲ್ಲ. ದೊಡ್ಡವರನ್ನು ಸಂಭಾಳಿಸುವ ಕೆಲಸವನ್ನು ಮಕ್ಕಳು ಮೈಮೇಲೆ ಹಾಕಿಕೊಂಡಿದ್ದಾರೆ, ಅಷ್ಟು ಮಾತ್ರ ನಾನು ಬಲ್ಲೆ. ಆ ಕೆಲಸದಲ್ಲಿ ಹೆಚ್ಚಿನ ಪಾಲು ಯಾರದು ಎಂಬುದನ್ನು ಕಬಡ್ಡಿ ತಂಡವೇ ಹೇಳಿತು.

ಸಂಭಾಳಿಸಲಾಗದ ಸಂದರ್ಭವೂ ಬರುತ್ತದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳ ನೋಟ್‌ಬುಕ್ಕಿನಲ್ಲಿ ಅವಳ ಅಣ್ಣನಿಗೆ ಒಂದು ಚೀಟಿ ಸಿಕ್ಕಿತು. ಬರೆದ ಹುಡುಗ ಬೇರೆ ಜಾತಿ. ಪ್ರೇಮವೋ, ಹುಡುಗಾಟವೋ, ಆ ವಯಸ್ಸಿನಲ್ಲಿ ಅವರಿಗೇ ಗೊತ್ತಿರುವುದಿಲ್ಲ. ಅಕ್ಟೋಬರಿನ ಪರೀಕ್ಷೆ ಮುಗಿದ ವಾರ ಅವಳಪ್ಪ, ಇಬ್ಬರು ದೊಡ್ಡಪ್ಪಂದಿರು ಬಂದು ಟಿ.ಸಿ. ಕೇಳಿದರು. ಪಬ್ಲಿಕ್ ಪರೀಕ್ಷೆಗೆ ನೋಂದಣಿ ಆಗುವ ಹೊತ್ತು, ಮಾರ್ಚಿನವರೆಗೆ ತಡೆಯಿರಿ ಎಂದು ಮುಖ್ಯೋಪಾಧ್ಯಾಯರು ಕೈ ಮುಗಿದರು. ನಾನೂ ಹೇಳಿದೆ. ‘ನೀವು ನಿಮ್ ಪಾಠ ನೋಡ್ಕಳಿ ಮೇಡಂ’ ಅಂದರು. ಶಾಲೆ ಬಿಟ್ಟ ಕಾರಣದ ಕಾಲಮ್ಮಿನಲ್ಲಿ ‘ಪೋಷಕರ ಕೋರಿಕೆ’ ಎಂದು ಬರೆದು ಮುಖ್ಯೋಪಾಧ್ಯಾಯರು ಸಹಿ ಮಾಡಿದರು. ಮನೆಯವರು ಅವಳನ್ನು ಇನ್ನೊಂದು ತಾಲ್ಲೂಕಿನ ಸೋದರತ್ತೆ ಮನೆಗೆ ಕಳಿಸಿದರು. ತರಗತಿಯಲ್ಲಿ ಎಲ್ಲರಿಗೂ ತಿಂಗಳ ಹಿಂದೆಯೇ ಗೊತ್ತಿತ್ತು, ಎಲ್ಲರೂ ಸೇರಿ ಮುಚ್ಚಿಟ್ಟಿದ್ದರು. ಅವಳು ಹೋದ ಮೇಲೆ ಆ ಹುಡುಗನನ್ನು ಅವನ ಬೀದಿಯ ಮಕ್ಕಳೇ ಸಂಜೆ ಜೊತೆಗೆ ಸುತ್ತುವರಿದು ಕರೆದುಕೊಂಡು ಹೋಗುತ್ತಿದ್ದರು, ಯಾರೂ ಹೇಳಿಕೊಟ್ಟಿರಲಿಲ್ಲ. ಈ ಕತೆಯನ್ನು ಛತ್ರದಲ್ಲಿ ಹೇಳಿದರೆ ಹೋಳಿಗೆ ಹಾಕಿಸಿಕೊಳ್ಳುತ್ತಾ ‘ಛೇ ಛೇ’ ಅನ್ನುತ್ತಾರೆ. ಆಮೇಲೆ ಕೇಳುವುದು, ‘ಹುಡುಗಿ ಯಾವ ಜನ?’

2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತಲ್ಲ, ದಸರಾ ರಜೆಯಲ್ಲಿ ಮನೆಮನೆಗೆ ಹೋದವರು ನಾವೇ, ಮೇಷ್ಟ್ರುಗಳು. ಅರವತ್ತು ಪ್ರಶ್ನೆ, ಜೊತೆಗೆ ಕೈಕೊಡುವ ಆ್ಯಪು. ಬ್ಲಾಕ್ ಬೇರೆಯದಾದರೂ ನನ್ನ ಕೆಲವು ಮಕ್ಕಳ ಮನೆ ನನ್ನ ಪಾಲಿಗೇ ಬಂದವು. ‘ಮಿಸ್ ಬಂದ್ರು’ ಎಂದು ಓಡಿಬಂದ ಹುಡುಗಿ, ಅಜ್ಜಿಗೆ ಕಿವಿ ಕೇಳದ್ದರಿಂದ ತಾನೇ ಎಲ್ಲ ಹೇಳಿದಳು. ಜಾತಿ, ಉಪಜಾತಿ, ಅದಕ್ಕಿರುವ ಇನ್ನೊಂದು ಹೆಸರು, ಯಾವುದನ್ನು ಬರೆಸಿ ಎಂದು ಸಂಘದವರು ಹೇಳಿದ್ದಾರೆ ಎಂಬುದು ಕೂಡ. ಉತ್ತರ ಕೊಡುವುದು ಕಡ್ಡಾಯವಲ್ಲ ಎಂದು ಜನರಿಗೆ ತಿಳಿಸಬೇಕೆಂದು ಹೈಕೋರ್ಟ್ ಹೇಳಿತ್ತು, ನಾನು ತಿಳಿಸಿದೆ. ‘ಪರವಾಗಿಲ್ಲ ಮಿಸ್, ಬರ್ಕೊಳ್ಳಿ’ ಅಂದಳು. ಸಮೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಸಿಗದೆ ನ್ಯಾಯ ಹಂಚುವುದು ಹೇಗೆ? ನವೆಂಬರ್ 26ಕ್ಕೆ ಅದೇ ಹುಡುಗಿಗೆ ಅದೇ ನಾನು ಸಂವಿಧಾನ ದಿನದ ಭಾಷಣ ಬರೆದುಕೊಟ್ಟೆ ಎಂದಷ್ಟೇ ಹೇಳುತ್ತಿದ್ದೇನೆ. ಇಬ್ಬರಿಗೂ ನಗು ಬಂತು, ಇಬ್ಬರೂ ನಗಲಿಲ್ಲ.

ನೀವು ಕೇಳುವ ಪ್ರಶ್ನೆ ನಮ್ಮ ಕಾಂಪೌಂಡಿನ ಒಳಗೆ ಏನು ನಡೆಯುತ್ತದೆ ಎಂಬುದರ ಬಗ್ಗೆ. ಯಾರೂ ಕೇಳದ ಪ್ರಶ್ನೆ ಒಂದಿದೆ: ನಿಮ್ಮ ಶಾಲೆಗೆ ಯಾರು ಬರುವುದಿಲ್ಲ?

ಬೆಳಿಗ್ಗೆ ಎಂಟರೊಳಗೆ ನಮ್ಮೂರಿನ ಸರ್ಕಲ್ಲಿನಲ್ಲಿ ಹಳದಿ ವ್ಯಾನುಗಳು ಬಂದು ನಿಲ್ಲುತ್ತವೆ. ಟೈ ಕಟ್ಟಿದ ಮಕ್ಕಳು ಹತ್ತುತ್ತಾರೆ. ಜಮೀನಿರುವವರ ಮಕ್ಕಳು, ಅಂಗಡಿಯವರ ಮಕ್ಕಳು, ನನ್ನ ಸಹೋದ್ಯೋಗಿಗಳ ಮಕ್ಕಳು. ನಮ್ಮ ಕ್ಯಾಪ್ಟನ್ನನ ತಮ್ಮ ಕೂಡ. ಅಷ್ಟರಲ್ಲಿ ಕೋರ್ಟಿನಲ್ಲಿ ರಾಜಿಯಾಗಿತ್ತು. ವ್ಯಾನು ಹೋದ ಮೇಲೆ ಸರ್ಕಲ್ಲಿನಲ್ಲಿ ಉಳಿದವರು ನಮ್ಮ ಮಕ್ಕಳು: ಕಾಲೋನಿಯವರು, ಕೂಲಿಯವರ ಮನೆಯವರು, ಕುರಿ ಕಾಯುವವರ ಮನೆಯವರು, ನಾಲ್ಕು ಮುಸ್ಲಿಂ ಮನೆಗಳವರು, ಮೇಲಿನ ಜಾತಿಯವರಲ್ಲಿ ಕೈಯಲ್ಲಿ ಕಾಸಿಲ್ಲದವರು. ಊರಿನ ಜಾತಿಯನ್ನು ವ್ಯಾನಿನ ಡ್ರೈವರ್ ದಿನಾ ಬೆಳಿಗ್ಗೆ ಎರಡು ಭಾಗ ಮಾಡಿಕೊಟ್ಟ ಮೇಲೆ, ಒಂದು ಭಾಗವನ್ನು ನನ್ನ ಮುಂದೆ ಕೂರಿಸಿ, ಇಲ್ಲಿ ತಾರತಮ್ಯ ಇದೆಯಾ ಎಂದು ಕೇಳುತ್ತೀರಿ.

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು. ಖಾಸಗಿ ಶಾಲೆಯಲ್ಲಿ ಶೇ. 25ರಷ್ಟು ಸೀಟು ಬಡವರ, ಹಿಂದುಳಿದವರ ಮಕ್ಕಳಿಗೆ ಎಂದು ಅದರಲ್ಲಿದೆ. ಕರ್ನಾಟಕದಲ್ಲಿ 2012ರಿಂದ ಅದು ನಡೆಯಿತು. 2019ರ ಹೊತ್ತಿಗೆ ನಿಯಮ ತಿದ್ದಿದರು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟಿಲ್ಲ. ಸರ್ಕಾರಿ ಶಾಲೆ ಉಳಿಸುವುದಕ್ಕೆ ಅಂದರು. ಉಳಿದವೋ ಇಲ್ಲವೋ, ವ್ಯಾನಿನಲ್ಲಿ ಹೋಗುತ್ತಿದ್ದ ಒಂದಿಬ್ಬರು ಕಾಲೋನಿ ಮಕ್ಕಳ ಜಾಗ ಮಾತ್ರ ಅಲ್ಲಿಗೆ ಮುಗಿಯಿತು. ಈಗ ವ್ಯಾನಿನೊಳಗೆ ಯಾರಿಗೂ ಯಾರ ತಟ್ಟೆಯ ಚಿಂತೆಯೂ ಇಲ್ಲ.

ನನ್ನ ಚಿಕ್ಕಪ್ಪನ ಮಗ ಕೂಡ ಹೇಳಿದ್ದು ಇದನ್ನೇ, ಹೆಮ್ಮೆಯಿಂದ. ‘ನಮ್ಮ ಮಗಳ ಸ್ಕೂಲಲ್ಲಿ ಮಕ್ಕಳಿಗೆ ಜಾತಿ ಅಂದ್ರೇನು ಅಂತಾನೇ ಗೊತ್ತಿಲ್ಲ ಅಕ್ಕ.’ ಗೊತ್ತಾಗಲು ಅಲ್ಲಿ ಇನ್ನೊಬ್ಬರು ಇರಬೇಕಲ್ಲ. ಅವನು ಅದನ್ನು ಹೇಳುತ್ತಿದ್ದಾಗ ಬಾಲ್ಕನಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿತ್ತು, ಮನೆಗೆಲಸಕ್ಕೆ ಬರುವಾಕೆಯದು. ಆಕೆಯ ಮಗಳು ಯಾವ ಶಾಲೆಗೆ ಹೋಗುತ್ತಾಳೆ ಅಂದೆ. ‘ಇಲ್ಲೇ ಎಲ್ಲೋ ಗೌರ್ಮೆಂಟ್ ಸ್ಕೂಲು’ ಅಂದ. ನಿನ್ನ ಮಗಳೂ ಅವಳೂ ಒಂದೇ ವಯಸ್ಸಲ್ವಾ, ಅಂದೆ. ‘ಅದೇನ್ ಹೋಲಿಕೆ ಅಕ್ಕ, ಅದು ಹೈಜೀನ್ ವಿಷಯ’ ಅಂದ. ನಾನು ಹೈಜೀನ್ ಬಗ್ಗೆ ಮಾತೇ ಎತ್ತಿರಲಿಲ್ಲ, ಶಾಲೆ ಬಗ್ಗೆ ಕೇಳಿದ್ದೆ. ಲೋಟದ ಕಡೆ ನೋಡಿದ್ದು ನನ್ನ ಕಣ್ಣು, ಅದನ್ನು ಅವನು ಗಮನಿಸಿದ.

‘ನಿಮ್ಮ ಮಗನನ್ನೋ ಮಗಳನ್ನೋ ನಿಮ್ಮ ಶಾಲೆಗೇ ಸೇರಿಸಿದ್ದೀರಾ?’ ಎಂದು ನೀವೀಗ ತಿರುಗಿ ಕೇಳುತ್ತೀರಿ ಎಂದು ಗೊತ್ತು. ಸೇರಿಸಿದ್ದೇನೆ. ಎಂಟನೇ ತರಗತಿ. ನನ್ನ ಪೀರಿಯಡ್ಡಿನಲ್ಲೇ ಹೆಚ್ಚು ಗಲಾಟೆ ಮಾಡುತ್ತಾನೆ.

ಉಳಿದವರಿಗೆ: ದಾಖಲಾತಿ ಮೇ ತಿಂಗಳ ಕೊನೆಯಲ್ಲಿ ಶುರುವಾಗುತ್ತದೆ. ಎಂಟಕ್ಕೂ ಒಂಬತ್ತಕ್ಕೂ ಜಾಗ ಧಾರಾಳವಾಗಿದೆ, ಶುಲ್ಕ ನಿಮ್ಮ ವ್ಯಾನಿನ ಒಂದು ತಿಂಗಳ ಬಾಡಿಗೆಯಷ್ಟೂ ಆಗುವುದಿಲ್ಲ. ಕಬಡ್ಡಿಗೆ ಈ ಸಲ ಎಡಗಡೆ ಕಾರ್ನರ್ ಆಡುವ ಹುಡುಗ ಬೇಕಾಗಿದ್ದಾನೆ.